ಮುಳ್ಳಿನ ಸಾಕ್ಷ್ಯ

ನಮ್ಮ ಬೀದರ್ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಗಾಡಿಯ ಚಕ್ರ ತಿರುಗಿದರೆ ಮಾತ್ರ. ಒಬ್ಬಳ ಗಂಡ ಆಟೋ ಓಡಿಸುತ್ತಾನೆ, ಇನ್ನೊಬ್ಬಳ ಮಗ ಟಂಟಂ ಓಡಿಸುತ್ತಾನೆ, ಮತ್ತೊಬ್ಬಳ ಅಣ್ಣ ಗ್ಯಾರೇಜಿನಲ್ಲಿ ಮಿಸ್ತ್ರಿ. ಸಂಜೆ ಅವರ ಎಣ್ಣೆ ಮೆತ್ತಿದ ಬಟ್ಟೆ ಒಗೆಯುವವರು ನಾವು. ಆದರೆ ಆ ಗಾಡಿಯ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆ. ‘ಅದು ಗಂಡಸರ ವಿಷಯ’ ಎಂದು ಬಿಟ್ಟುಬಿಡುತ್ತೇವೆ. ಈ ಸಲ ನಾನು ಗಾಡಿಯ ಮೀಟರಿನ ಬಗ್ಗೆಯೇ ಬರೆಯುತ್ತಿದ್ದೇನೆ. ದಯವಿಟ್ಟು ಪುಟ ಮಗುಚಬೇಡಿ. ಈ ಮೀಟರಿನ ಮುಳ್ಳು ಅಲುಗಾಡಿದ್ದರಿಂದ ಒಬ್ಬ ವಿಧವೆಯ ಮಗ ಕಳ್ಳನೆನಿಸಿಕೊಂಡ.

ನನ್ನ ಮೈದುನನ ಬಳಿ ಹಳೆಯ ಡೀಸೆಲ್ ಜೀಪ್ ಒಂದಿದೆ. ಬೀದರಿನಿಂದ ಔರಾದಿಗೆ ಜನರನ್ನು ಒಯ್ಯುತ್ತದೆ. ಜನವಾಡ, ಮಾಂಜ್ರಾ ನದಿಯ ಕೌಠಾ ಸೇತುವೆ, ಸಂತಪುರ ದಾಟಿ ಸುಮಾರು 40 ಕಿ.ಮೀ. ದಾರಿ. ಮದುವೆಯ ದಿನಗಳಲ್ಲಿ ಭಾಲ್ಕಿ ಕಡೆಗೂ ಬಾಡಿಗೆಗೆ ಹೋಗುವುದುಂಟು. ಜೀಪ್ ಓಡಿಸುವವನು ಭಾಲ್ಕಿ ತಾಲೂಕಿನ ಒಂದು ಹಳ್ಳಿಯ ಹುಡುಗ. ವಯಸ್ಸು ಇಪ್ಪತ್ತೆರಡು. ತಂದೆ ಇಲ್ಲ. ತಾಯಿ ಮತ್ತು ತಂಗಿಯೊಂದಿಗೆ ಬೀದರಿನ ಹಳೆ ಊರಿನಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿದ್ದಾನೆ. ಆ ತಂಗಿ ನನ್ನ ಬಳಿ ಓದಲು ಬರುತ್ತಾಳೆ. ಹಾಗಾಗಿ ಈ ವಿಷಯ ನನ್ನ ಬಾಗಿಲಿಗೂ ಬಂತು.

ಮೇ ತಿಂಗಳ ಬಿಸಿಲು. ಔರಾದ್ ದಾರಿಯಲ್ಲಿ ಹೋಗುತ್ತಿದ್ದಾಗ ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಒಮ್ಮೆಲೇ ಕೆಂಪು ಗೆರೆಗೆ ಹಾರಿತು. ಹುಡುಗ ಗಾಡಿ ನಿಲ್ಲಿಸಿದ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದ. ಪ್ರಯಾಣಿಕರು ಬೈದು, ಹಿಂದಿನಿಂದ ಬಂದ ಬಸ್ಸು ಹತ್ತಿ ಹೋದರು. ಎರಡು ದಿನದ ನಂತರ ಮತ್ತೆ ಹಾಗೆಯೇ ಆಯಿತು. ಮೈದುನ ತಾನೇ ಕುಳಿತು ಊರೊಳಗೆ ಎರಡು ಸುತ್ತು ಓಡಿಸಿ ನೋಡಿದ. ಮುಳ್ಳು ನಡುವೆಯೇ ನಿಂತಿತ್ತು. ‘ಬಿಸಿಲಿಗೆ ಹೆದರಿ ಟ್ರಿಪ್ ತಪ್ಪಿಸುತ್ತಿದ್ದಾನೆ’ ಎಂಬ ಸಂಶಯ ಅಲ್ಲಿಂದ ಹುಟ್ಟಿತು. ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಅರ್ಧ ಟ್ಯಾಂಕ್ ತೋರಿಸುತ್ತಿದ್ದ ಡೀಸೆಲ್ ಮೀಟರ್, ರಾತ್ರಿ ಗಾಡಿ ಮನೆಗೆ ಬರುವಾಗ ಖಾಲಿಯ ಹತ್ತಿರ ಇಳಿದಿರುತ್ತಿತ್ತು. ಓಡಿದ ದೂರಕ್ಕೂ ಇಳಿದ ಡೀಸೆಲಿಗೂ ಲೆಕ್ಕ ಕೂಡುತ್ತಿರಲಿಲ್ಲ. ಸಂಶಯಕ್ಕೆ ಎರಡನೆಯ ಕಾಲು ಬಂತು. ಒಂದು ದಿನ ಜೀಪ್ ನಿಲ್ಲುವ ಜಾಗದಲ್ಲಿ, ಹತ್ತು ಜನ ಡ್ರೈವರುಗಳ ಎದುರಿಗೆ, ‘ಡೀಸೆಲ್ ಕದ್ದು ಮಾರುತ್ತೀಯಾ’ ಎಂದು ಮೈದುನ ಕೇಳಿಯೇಬಿಟ್ಟ. ತಿಂಗಳ ಸಂಬಳದಲ್ಲಿ ಒಂದೂವರೆ ಸಾವಿರ ಹಿಡಿದುಕೊಂಡ.

ಮರುದಿನ ಹುಡುಗನ ತಾಯಿ ನನ್ನ ಮನೆಗೆ ಬಂದರು. ಹಣದ ಮಾತೇ ಆಡಲಿಲ್ಲ. “ಆಪಾ, ಮಗಳಿಗೆ ಭಾಲ್ಕಿಯಿಂದ ಸಂಬಂಧ ಬಂದಿದೆ. ಹುಡುಗಿಯ ಅಣ್ಣ ಕಳ್ಳನೆಂಬ ಮಾತು ಅಲ್ಲಿಗೆ ಮುಟ್ಟಿದರೆ ಏನು ಮಾಡಲಿ?” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆರೋಪ ಎಷ್ಟು ದೂರ ಹರಿಯುತ್ತದೆ ನೋಡಿ. ಜೀಪ್ ನಿಲ್ದಾಣದಲ್ಲಿ ಆಡಿದ ಒಂದು ಮಾತು, ಇನ್ನೂ ಮೀಟರ್ ಎಂದರೇನೆಂದೇ ತಿಳಿಯದ ಒಬ್ಬ ಹುಡುಗಿಯ ಮದುವೆಯನ್ನು ಹಿಡಿದು ಅಲುಗಾಡಿಸುತ್ತಿತ್ತು.

ನಾನು ಮೈದುನನನ್ನು ಕರೆದು ಕೇಳಿದೆ. ಅವನು ಕೆಟ್ಟವನಲ್ಲ, ಐದು ಹೊತ್ತಿನ ನಮಾಝಿ. “ಭಾಬಿ, ಮನುಷ್ಯ ಸುಳ್ಳು ಹೇಳಬಹುದು, ಮೀಟರ್ ಸುಳ್ಳು ಹೇಳುತ್ತದಾ? ಅದಕ್ಕೇನು ಬಾಯಿ ಇದೆಯಾ?” ಎಂದ. “ಬಾಯಿ ಇಲ್ಲದ್ದರಿಂದಲೇ ಅದನ್ನು ಹೆಚ್ಚು ವಿಚಾರಿಸಬೇಕು” ಎಂದೆ. ಶರೀಅತ್ತಿನಲ್ಲಿ ಸಾಕ್ಷ್ಯ ಒದಗಿಸುವ ಹೊಣೆ ಆರೋಪ ಮಾಡಿದವನ ಮೇಲಿದೆ. ‘ನಾನು ಕದ್ದಿಲ್ಲ’ ಎಂದು ಆ ಹುಡುಗ ಸಾಬೀತುಪಡಿಸಬೇಕಾಗಿಲ್ಲ. ‘ಕದ್ದಿದ್ದಾನೆ’ ಎಂದು ಇವನು ಸಾಬೀತುಪಡಿಸಬೇಕು. ಇವನ ಬಳಿಯಿದ್ದ ಸಾಕ್ಷಿಗಳು ಎರಡೇ, ಎರಡು ಮುಳ್ಳುಗಳು. ಸಾಕ್ಷಿ ಹೇಳುವವನು ನಂಬಿಕಸ್ಥನೇ ಎಂದು ಮೊದಲು ನೋಡಬೇಡವೇ? ಹದೀಸ್ ವಿದ್ವಾಂಸರು ಇದಕ್ಕಾಗಿಯೇ ಒಂದು ದೊಡ್ಡ ಶಾಸ್ತ್ರ ಕಟ್ಟಿದರು. ವರದಿಗಾರನ ನೆನಪು ಗಟ್ಟಿಯೇ, ಅವನು ತನ್ನ ಗುರುವನ್ನು ನಿಜವಾಗಿ ಭೇಟಿಯಾಗಿದ್ದನೇ, ನಡುವೆ ಕೊಂಡಿ ಎಲ್ಲಾದರೂ ಕಡಿದಿದೆಯೇ ಎಂದು ಒಬ್ಬೊಬ್ಬರನ್ನೂ ತೂಗಿ ನೋಡಿದರು. ಮೈದುನ ಸುಮ್ಮನಾದ. ಜುಮಾದ ದಿನ ನಮಾಝ್ ಮುಗಿಸಿ ವಯಸ್ಸಾದ ಒಬ್ಬ ವೈರಿಂಗ್ ಮಿಸ್ತ್ರಿಯನ್ನು ಮನೆಗೆ ಕರೆದುಕೊಂಡು ಬಂದ. ಊರಿನವರು ಅವರನ್ನು ಉಸ್ತಾದ್ ಎನ್ನುತ್ತಾರೆ.

ಉಸ್ತಾದರು ಮೊದಲು ಮೀಟರನ್ನು ಮುಟ್ಟಲಿಲ್ಲ. ಇಂಜಿನ್ ತಣ್ಣಗಿದೆಯೇ ಎಂದು ನೋಡಿ, ರೇಡಿಯೇಟರಿನ ಮುಚ್ಚಳ ತೆರೆದು ನೀರು ನೋಡಿದರು. ಬಾಯಿ ಮಟ್ಟ ತುಂಬಿತ್ತು. ಫ್ಯಾನ್ ಬೆಲ್ಟ್ ಒತ್ತಿ ನೋಡಿದರು, ಪೈಪುಗಳ ಸೋರಿಕೆ ನೋಡಿದರು. “ಮೊದಲು ಗಾಡಿಯ ಪ್ರಾಣ, ಆಮೇಲೆ ಮೀಟರ್” ಎಂದರು. ಇದನ್ನು ನೆನಪಿಡಿ. ನೀರು ಕಡಿಮೆಯಾದಾಗಲೂ ಮುಳ್ಳು ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದರೆ ಅದು ಒಮ್ಮೆ ನೀರಿಗೆ, ಒಮ್ಮೆ ಹಬೆಗೆ, ಒಮ್ಮೆ ಬರೀ ಗಾಳಿಗೆ ಸಿಕ್ಕಿ ಮುಳ್ಳು ಏರಿಳಿಯುತ್ತದೆ. ಇಂಜಿನ್ ಸುಡುತ್ತಿರುವಾಗಲೇ ಮುಳ್ಳು ತಣ್ಣಗಿನ ಕಡೆಗೆ ಬಿದ್ದಿರುವುದೂ ಉಂಟು. ಆದ್ದರಿಂದ ‘ಮೀಟರ್ ಕೆಟ್ಟಿದೆ, ಬಿಡು’ ಎಂದು ನೀರು ನೋಡದೆ ಓಡಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ನೀರು ಸರಿಯಿದೆ ಎಂದು ಖಾತರಿಯಾದ ಮೇಲೆ ಅವರು ಹುಡುಗನನ್ನು ಹತ್ತಿರ ಕೂರಿಸಿಕೊಂಡು ಕೇಳತೊಡಗಿದರು. “ಬೇಟಾ, ಮುಳ್ಳು ನಿಧಾನ ಏರುತ್ತದಾ, ಹಾರುತ್ತದಾ?” “ಹಾರುತ್ತೆ, ಉಸ್ತಾದ್.” “ಯಾವಾಗ?” “ಗುಂಡಿ ಬಿದ್ದ ಕಡೆ. ರಾತ್ರಿ ಲೈಟ್ ಹಾಕಿದಾಗ.” “ಒಂದೇ ಮುಳ್ಳಾ?” “ಎರಡೂ ಒಟ್ಟಿಗೆ. ಅದು ಮೇಲೆ ಹೋದರೆ ಡೀಸೆಲಿನದು ಕೆಳಗೆ ಬೀಳುತ್ತೆ.” ಉಸ್ತಾದರು ಮೈದುನನ ಮುಖ ನೋಡಿದರು. “ಇಷ್ಟೆಲ್ಲ ನೋಡಿದ್ದಾನಲ್ಲ, ಯಾರೂ ಕೇಳಲಿಲ್ಲವಾ?” ಎಂದರು. ಯಾರೂ ಕೇಳಿರಲಿಲ್ಲ. ಬೈಯುವಾಗ ನಾವು ಪ್ರಶ್ನೆಯ ಧಾಟಿಯಲ್ಲೇ ಬೈಯುತ್ತೇವೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ.

ಈ ಮೂರು ಉತ್ತರಗಳಲ್ಲೇ ರೋಗ ಅಡಗಿತ್ತು. ಉಸ್ತಾದರು ನನಗೆ ತಿಳಿಯುವಂತೆ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು: ಬಿಸಿ ಹಾರುವುದಿಲ್ಲ. ಒಲೆಯ ಮೇಲೆ ಪಾತ್ರೆ ನೀರಿಟ್ಟ ನಮಗೆ ಇದು ಹೇಳಬೇಕಾಗಿಲ್ಲ. ಬೆಂಕಿ ಎಷ್ಟೇ ದೊಡ್ಡದಿರಲಿ, ನೀರು ಕಾಯಲು ಸಮಯ ಬೇಕು. ಬೆಂಕಿ ಆರಿಸಿದ ಕ್ಷಣದಲ್ಲಿ ತಣ್ಣಗಾಗುವುದೂ ಇಲ್ಲ. ಇಂಜಿನ್ ಎಂದರೆ ಕಬ್ಬಿಣದ ದೊಡ್ಡ ಮುದ್ದೆ, ಅದರೊಳಗೆ ನೀರು. ಸಾಮಾನ್ಯವಾಗಿ 80-90 ಡಿಗ್ರಿಯ ಆಸುಪಾಸಿನಲ್ಲಿರುವ ಅದು ಒಂದು ಸೆಕೆಂಡಿನಲ್ಲಿ ಕೆಂಪು ಗೆರೆಗೆ ಹೋಗಿ, ಮುಂದಿನ ಸೆಕೆಂಡಿನಲ್ಲಿ ಮರಳಿ ಬರಲು ಸಾಧ್ಯವಿಲ್ಲ. ಹಾಗೆ ಹಾರಿದ್ದು ಬಿಸಿಯಲ್ಲ, ಕರೆಂಟು.

ಎರಡನೆಯದು: ಮೀಟರ್ ಇಂಜಿನನ್ನು ನೋಡುವುದೇ ಇಲ್ಲ. ಅದು ನೋಡುವುದು ವೈರಿನಲ್ಲಿ ಹರಿಯುವ ಕರೆಂಟನ್ನು. ಸೆನ್ಸರಿನ ಗುಣ ಏನೆಂದರೆ, ಬಿಸಿ ಹೆಚ್ಚಿದಷ್ಟೂ ಅದರೊಳಗಿನ ತಡೆ ಕಡಿಮೆಯಾಗಿ ಹೆಚ್ಚು ಕರೆಂಟನ್ನು ಬಿಡುತ್ತದೆ. ಹೆಚ್ಚು ಕರೆಂಟ್ ಹರಿದರೆ ಮುಳ್ಳು ಮೇಲೇರುತ್ತದೆ. ಹಳೆ ಗಾಡಿಗಳಲ್ಲಿ ಸೆನ್ಸರಿನ ವೈರನ್ನು ಕಿತ್ತರೆ ಮುಳ್ಳು ತಣ್ಣಗಿನ ಕಡೆ ಬೀಳುತ್ತದೆ; ಅದೇ ವೈರನ್ನು ಕ್ಷಣಮಾತ್ರ ಇಂಜಿನಿನ ಕಬ್ಬಿಣಕ್ಕೆ ತಾಗಿಸಿದರೆ ಬಿಸಿಯ ಕಡೆ ಹಾರುತ್ತದೆ. ಉಸ್ತಾದರು ಹಾಗೆ ಮಾಡಿಯೇ ತೋರಿಸಿದರು. ತಣ್ಣನೆಯ ಇಂಜಿನ್, ಮುಳ್ಳು ಮಾತ್ರ ಕೆಂಪಿನಲ್ಲಿ! ಮೈದುನ ಬಾಯಿ ತೆರೆದು ನೋಡುತ್ತ ನಿಂತ. ಹೊಸ ಕಾರುಗಳಲ್ಲಿ ನಡುವೆ ಕಂಪ್ಯೂಟರ್ ಇರುವುದರಿಂದ ಹೀಗೆ ತಾಗಿಸಿ ನೋಡಬಾರದು, ಅದಕ್ಕೆ ಸ್ಕ್ಯಾನರ್ ಹಾಕಬೇಕು ಎಂದೂ ಅವರು ಎಚ್ಚರಿಸಿದರು.

ಮೂರನೆಯದು: ಎರಡು ಮುಳ್ಳುಗಳು ಒಟ್ಟಿಗೆ ಕೆಡುವುದು ಅಪರೂಪ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ರಾತ್ರಿ ಹೊಟ್ಟೆ ನೋವು ಬಂದರೆ ನಾವು ಮಕ್ಕಳನ್ನು ಬಿಟ್ಟು ಅಡುಗೆಯನ್ನು ಶಂಕಿಸುತ್ತೇವೆ. ಹಾಗೆಯೇ ಎರಡಕ್ಕೂ ಸಮಾನವಾದದ್ದು ಏನು ಎಂದು ಹುಡುಕಬೇಕು. ಕರೆಂಟ್ ಬರುವ ವೈರ್ ಮತ್ತು ಮರಳಿ ಹೋಗುವ ದಾರಿ, ಇವೆರಡು ಎಲ್ಲ ಮೀಟರುಗಳಿಗೂ ಒಂದೇ. ಮರಳುವ ದಾರಿಗೆ ಮಿಸ್ತ್ರಿಗಳು ಅರ್ಥ್ ಎನ್ನುತ್ತಾರೆ. ಮೀಟರ್ ಬೋರ್ಡಿನ ಅರ್ಥ್ ಸಡಿಲವಾದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಸೆನ್ಸರಿನ ವೈರುಗಳ ಮೂಲಕವೇ ನುಗ್ಗುತ್ತದೆ. ಆಗ ಮುಳ್ಳುಗಳು ಸುಳ್ಳು ಹೇಳತೊಡಗುತ್ತವೆ. ರಾತ್ರಿ ಲೈಟ್ ಹಾಕಿದಾಗ ಮೀಟರ್ ಬೋರ್ಡಿನ ಪುಟ್ಟ ದೀಪಗಳೂ ಉರಿಯುವುದರಿಂದ, ಆ ಸಡಿಲ ದಾರಿಯ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಯಾವ ಮುಳ್ಳು ಯಾವ ಕಡೆ ವಾಲುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಈ ಜೀಪಿನಲ್ಲಿ ಬಿಸಿಯದು ಮೇಲಕ್ಕೆ, ಡೀಸೆಲಿನದು ಖಾಲಿಯ ಕಡೆಗೆ.

ಹಗಲಿನಲ್ಲಿ, ಲೈಟ್ ಹಾಕದೆ, ಊರೊಳಗಿನ ಸಮ ರಸ್ತೆಯಲ್ಲಿ ಓಡಿಸಿದ ಮೈದುನನಿಗೆ ರೋಗ ಏಕೆ ಕಾಣಲಿಲ್ಲ ಎಂದು ಈಗ ನಿಮಗೆ ತಿಳಿದಿರಬಹುದು. ಅವನು ಪರೀಕ್ಷೆ ಮಾಡಿದ್ದು ನಿಜ. ಆದರೆ ರೋಗ ಬರುವ ಹೊತ್ತಿನಲ್ಲಿ, ರೋಗ ಬರುವ ಜಾಗದಲ್ಲಿ ಮಾಡಲಿಲ್ಲ.

ಉಸ್ತಾದರು ಬ್ಯಾಟರಿಯ ಮೈನಸ್ಸಿನಿಂದ ಒಂದು ಉದ್ದ ವೈರ್ ಎಳೆದು, ಅದರ ಇನ್ನೊಂದು ತುದಿಯನ್ನು ಮೀಟರ್ ಬೋರ್ಡಿನ ಹಿಂದಿನ ಅರ್ಥಿಗೆ ಹಿಡಿದರು. ಹುಡುಗ ಇಂಜಿನ್ ಚಾಲು ಮಾಡಿ ಲೈಟ್ ಹಾಕಿದ. ಮುಳ್ಳುಗಳು ಅಲುಗಲಿಲ್ಲ. ವೈರ್ ತೆಗೆದರು, ಎರಡೂ ಒಟ್ಟಿಗೆ ವಾಲಿದವು. ಹಿಡಿದರು, ಸರಿಯಾದವು. ಮೂರು ಸಲ ಹೀಗೆ ಮಾಡಿ ತೋರಿಸಿದ ಮೇಲೆ ಬೋರ್ಡು ಬಿಚ್ಚಿ ಹಿಂದಿನ ಬೋಲ್ಟನ್ನು ಕಳಚಿದರು. ಸುತ್ತ ತುಕ್ಕು, ಅದರ ಕೆಳಗೆ ಯಾರೋ ಬಳಿದಿದ್ದ ಬಣ್ಣ. ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ. ಪಾಲಿಶ್ ಪೇಪರಿನಿಂದ ತಿಕ್ಕಿ ಕಬ್ಬಿಣ ಹೊಳೆಯುವಂತೆ ಮಾಡಿ, ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಕೂಲಿ ನೂರೈವತ್ತು ರೂಪಾಯಿ. ಹೊಸ ಮೀಟರ್ ಹಾಕಿಸಿದ್ದರೆ ಸಾವಿರಾರು ರೂಪಾಯಿ ಹೋಗುತ್ತಿತ್ತು, ರೋಗ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಡೀಸೆಲಿನ ಲೆಕ್ಕಕ್ಕೆ ಅವರು ಇನ್ನೊಂದು ದಾರಿ ಹೇಳಿಕೊಟ್ಟರು. “ಮುಳ್ಳು ನೋಡಿ ಲೆಕ್ಕ ಕೇಳಬೇಡ. ಬಂಕಿನಲ್ಲಿ ಟ್ಯಾಂಕ್ ತುಂಬಿಸು, ಕಿಲೋಮೀಟರ್ ಬರೆದುಕೋ. ನಾಲ್ಕು ದಿನ ಓಡಿಸಿ ಮತ್ತೆ ತುಂಬಿಸು. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಖರ್ಚಾಗಿದ್ದು.” ಮೈದುನ ಹಾಗೆಯೇ ಮಾಡಿದ. ಲೆಕ್ಕ ಸರಿಯಾಗಿ ಕೂಡಿತು. ಒಂದು ಲೀಟರಿನ ವ್ಯತ್ಯಾಸವೂ ಇರಲಿಲ್ಲ.

ಅವನು ಹಿಡಿದಿದ್ದ ಹಣವನ್ನು ಹುಡುಗನ ಕೈಗಿಟ್ಟು, ‘ಮಾಫ್ ಮಾಡು’ ಎಂದು ಮನೆಯಲ್ಲೇ ಹೇಳಿ ಮುಗಿಸಲು ಹೊರಟಿದ್ದ. ನಾನು ತಡೆದೆ. “ಆರೋಪ ಎಲ್ಲಿ ಮಾಡಿದೆ?” ಎಂದು ಕೇಳಿದೆ. ಅವನಿಗೆ ಅರ್ಥವಾಯಿತು. ಮಾನ ಎಲ್ಲಿ ಹೋಯಿತೋ ಅಲ್ಲಿಯೇ ಅದನ್ನು ಹಿಂದಿರುಗಿಸಬೇಕು. ಮರುದಿನ ಅದೇ ಜೀಪ್ ನಿಲ್ದಾಣದಲ್ಲಿ, ಅದೇ ಡ್ರೈವರುಗಳ ಎದುರಿಗೆ, ‘ತಪ್ಪು ಗಾಡಿಯದು, ಹುಡುಗನದಲ್ಲ, ನಾನು ವಿಚಾರಿಸದೆ ಮಾತಾಡಿದೆ’ ಎಂದು ಹೇಳಿ ಬಂದ. ಅದು ಅವನಿಗೆ ಸುಲಭವಾಗಿರಲಿಲ್ಲ. ಅಲ್ಲಾಹನು ಅವನಿಗೆ ಅದರ ಪ್ರತಿಫಲ ನೀಡಲಿ.

ಸಹೋದರಿಯರೇ, ಬೀದರಿನವರಾದ ನಮಗೆ ಈ ಪಾಠ ಹೊಸದಾಗಬಾರದಿತ್ತು. ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನರ ಮದ್ರಸ ನಿಂತಿದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನರು 1472ರಲ್ಲಿ ಕಟ್ಟಿಸಿದ ವಿದ್ಯಾಸಂಸ್ಥೆ ಅದು. ನಮ್ಮ ಮಕ್ಕಳು ಅದರ ನೀಲಿ ಹೆಂಚುಗಳನ್ನು ನೋಡಿ ಬರುತ್ತಾರೆ. ಆದರೆ ಅದನ್ನು ಕಟ್ಟಿಸಿದವರು ಹೇಗೆ ಸತ್ತರು ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ಅವರ ಏಳಿಗೆ ಸಹಿಸದ ಕೆಲವರು, ಮೊಹರು ಕಾಯುವವನನ್ನು ಬುಟ್ಟಿಗೆ ಹಾಕಿಕೊಂಡು ಖಾಲಿ ಕಾಗದದ ಮೇಲೆ ಗವಾನರ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರಲ್ಲಿ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಗವಾನರನ್ನು ಕರೆಸಿದ. ಮೊಹರು ನನ್ನದೇ, ಆದರೆ ಪತ್ರದ ವಿಷಯ ನನಗೆ ತಿಳಿಯದು ಎಂಬುದು ಅವರ ಉತ್ತರವಾಗಿತ್ತು. ಪತ್ರ ಯಾರ ಕೈಬರಹ, ಯಾರ ಕೈಯಿಂದ ಬಂತು, ಒಂದನ್ನೂ ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ ಆ ವೃದ್ಧರ ತಲೆ ಕಡಿಸಿದ. ಸತ್ಯ ತಿಳಿದು ಪಶ್ಚಾತ್ತಾಪದಿಂದ ಕೊರಗಿದ ಸುಲ್ತಾನನೂ ಮರು ವರ್ಷ ಸತ್ತ. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಮುಂದೆ ಐದು ತುಂಡಾಯಿತು.

ಮೊಹರು ನಿಜ, ಪತ್ರ ಸುಳ್ಳು. ಮುಳ್ಳು ಎದ್ದದ್ದು ನಿಜ, ಬಿಸಿ ಸುಳ್ಳು. ಕಣ್ಣಿಗೆ ಕಂಡದ್ದು ನಿಜವಾಗಿರುವಾಗಲೇ ನಾವು ಹೆಚ್ಚು ಮೋಸಹೋಗುತ್ತೇವೆ. ‘ನಾನೇ ನೋಡಿದೆ’ ಎನ್ನುತ್ತೇವೆ. ನೋಡಿದ್ದು ಮುಳ್ಳನ್ನು, ತೀರ್ಪು ಕೊಟ್ಟದ್ದು ಮನುಷ್ಯನ ಮೇಲೆ.

ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಸುದ್ದಿಯನ್ನು ಪರಿಶೀಲಿಸಬೇಕೆಂದು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಬನೂ ಮುಸ್ತಲಿಕ್ ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದರೆಂಬ ತಪ್ಪು ವರದಿ ಮದೀನಕ್ಕೆ ಬಂದ ಘಟನೆಯನ್ನು ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಹೇಳುತ್ತಾರೆ. ಪ್ರವಾದಿ(ಸ)ರವರು ದುಡುಕಲಿಲ್ಲ. ಸತ್ಯಾಂಶ ಬೇರೆಯೇ ಆಗಿತ್ತು. ಅದೇ ಅಧ್ಯಾಯದ 12ನೇ ಸೂಕ್ತ ಗುಮಾನಿಗಳಿಂದ ದೂರವಿರಬೇಕೆಂದು ಕಲಿಸುತ್ತದೆ. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟಿರುವುದರಲ್ಲಿ ದೊಡ್ಡ ತತ್ವವಿದೆ.

ಹಾಗಾದರೆ ಸಂಶಯ ಬಂದಾಗ ಕೈಕಟ್ಟಿ ಕುಳಿತಿರಬೇಕೇ? ಇಲ್ಲ. ಆ ಹುಡುಗ ಮುಳ್ಳು ಏರಿದಾಗ ಗಾಡಿ ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ನೀವು ಗಾಡಿಯಲ್ಲಿರುವಾಗ ಮುಳ್ಳು ಕೆಂಪಿಗೆ ಹೋದರೆ ಅದು ನಿಜವೆಂದೇ ತಿಳಿದು ನಿಲ್ಲಿಸಲು ಹೇಳಿ. ಎ.ಸಿ. ಇದ್ದರೆ ಆರಿಸಿ. ಮಕ್ಕಳನ್ನು ಇಳಿಸಿ ನೆರಳಿಗೆ ಕರೆದೊಯ್ಯಿರಿ. ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳವನ್ನು ಯಾರಿಗೂ ತೆರೆಯಲು ಬಿಡಬೇಡಿ. ಕುಕ್ಕರಿನ ಹಾಗೆ ಅದರೊಳಗೆ ಒತ್ತಡವಿರುತ್ತದೆ. 100 ಡಿಗ್ರಿ ದಾಟಿಯೂ ಕುದಿಯದೆ ನಿಂತ ನೀರು, ಮುಚ್ಚಳ ಸಡಿಲವಾದೊಡನೆ ಚಿಮ್ಮಿ ಮುಖ ಸುಡುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಯಲಿ. ಮುಳ್ಳು ಸುಳ್ಳಾಗಿದ್ದರೆ ನಿಮಗೆ ನಷ್ಟವಾದದ್ದು ಅರ್ಧ ಗಂಟೆ. ನಿಜವಾಗಿದ್ದು ನಿಲ್ಲಿಸದೆ ಹೋಗಿದ್ದರೆ ಇಂಜಿನೇ ಹೋಗುತ್ತಿತ್ತು.

ಎಚ್ಚರಿಕೆಗೆ ಸಂಶಯ ಸಾಕು, ತೀರ್ಪಿಗೆ ಸಾಲದು. ಮೈದುನ ಡೀಸೆಲ್ ಟ್ಯಾಂಕಿಗೆ ಬೀಗ ಹಾಕಿಸಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ. ಕಳ್ಳನೆಂದು ಕರೆದದ್ದರಿಂದ ಹೋಯಿತು.

ಇದನ್ನು ನಮ್ಮ ಅಡುಗೆಮನೆಗೆ ತನ್ನಿ. ಗ್ಯಾಸ್ ಸಿಲಿಂಡರ್ ಈ ತಿಂಗಳು ಬೇಗ ಮುಗಿಯಿತು, ಸೊಸೆಗೆ ಮಿತವ್ಯಯ ಗೊತ್ತಿಲ್ಲ ಎನ್ನುತ್ತೇವೆ. ರೆಗ್ಯುಲೇಟರಿನ ಪೈಪ್ ನೋಡಿದೆವೇ? ಡಬ್ಬಿಯಲ್ಲಿ ಸಕ್ಕರೆ ಇಳಿದಿದೆ, ಕೆಲಸದವಳ ಮೇಲೆ ಕಣ್ಣು ಹೋಗುತ್ತದೆ. ಮನೆಗೆ ಬಂದ ಅತಿಥಿಗಳಿಗೆ ಎಷ್ಟು ಸಲ ಚಹಾ ಆಯಿತೆಂದು ಎಣಿಸಿದೆವೇ? ಅತ್ತೆಯವರ ಸಕ್ಕರೆ ಕಾಯಿಲೆಯ ಮೆಷಿನ್ ಒಮ್ಮೆಲೇ ಹೆಚ್ಚು ತೋರಿಸಿದರೆ, ಕದ್ದು ಸಿಹಿ ತಿಂದಿದ್ದೀರಿ ಎಂದು ಗದರಿಸುತ್ತೇವೆ. ಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿದರೂ ಅದು ಹೆಚ್ಚು ತೋರಿಸುತ್ತದೆ. ಕೈ ತೊಳೆದು, ಒರೆಸಿ, ಇನ್ನೊಮ್ಮೆ ನೋಡಿ. ಬಿ.ಪಿ. ಮೆಷಿನ್ನೂ ಹಾಗೆಯೇ. ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಿದರೆ ಸರಿಯಾದ ಲೆಕ್ಕ ಸಿಗದು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಬೇಕು. ಎರಡನೆಯ ಸಲವೂ ಹೆಚ್ಚಿದ್ದರೆ ಗದರುವುದನ್ನು ಬಿಟ್ಟು ಡಾಕ್ಟರ ಬಳಿ ಕರೆದೊಯ್ಯಿರಿ.

ಇನ್ನು ಮೊಬೈಲಿನಲ್ಲಿ ಬರುವ ಸುದ್ದಿಗಳ ಮಾತು ಬೇರೆ ಹೇಳಬೇಕೇ? ಯಾರದೋ ಮಗಳ ಫೋಟೋ, ಯಾರದೋ ಮಗನ ಹೆಸರು. ಎರಡು ಗುಂಪುಗಳಲ್ಲಿ ಒಂದೇ ಸುದ್ದಿ ಬಂತು, ಹಾಗಾಗಿ ನಿಜ ಎನ್ನುತ್ತೇವೆ. ಎರಡು ಮುಳ್ಳುಗಳು ಒಟ್ಟಿಗೆ ವಾಲಿದ್ದು ನೆನಪಿರಲಿ. ಇಬ್ಬರು ಸಾಕ್ಷಿಗಳೆಂದು ನಾವು ತಿಳಿದದ್ದು, ತುಕ್ಕು ಹಿಡಿದ ಒಂದೇ ಬೋಲ್ಟಿನ ಎರಡು ದನಿಗಳಾಗಿರಬಹುದು.

ನಿಮ್ಮ ಮನೆಯ ಗಂಡಸರು ಮುಂದಿನ ಸಲ ‘ಮೀಟರ್ ಕೆಟ್ಟಿದೆ’ ಎಂದಾಗ ಕೇಳಿ: ನೀರು ನೋಡಿದಿರಾ? ಮುಳ್ಳು ಏರಿತೋ, ಹಾರಿತೋ? ಒಂದೋ, ಎರಡೋ? ಅರ್ಥ್ ಪರೀಕ್ಷಿಸಿದಿರಾ? ಅವರು ನಗಬಹುದು, ನಗಲಿ. ಯಾರ ಬಗ್ಗೆಯಾದರೂ ದೂರು ತಂದಾಗಲೂ ಹೀಗೆಯೇ ಕೇಳಿ: ಯಾರು ಹೇಳಿದರು? ಅವರು ತಾವೇ ನೋಡಿದ್ದೇ? ಆ ಹುಡುಗನನ್ನೇ ಕೇಳಿದಿರಾ? ಈ ಪ್ರಶ್ನೆಗಳಿಗೆ ಉತ್ತರ ಬರುವ ತನಕ ನಾಲಿಗೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಅಲ್ಲಾಹನು ನನಗೂ ನಿಮಗೂ ದಯಪಾಲಿಸಲಿ. ಆಮೀನ್.